ವೈನಿಯ ಮುಂದೆ ಕಾಂಪ್ಲೆಕ್ಸ್ ಅನಾಲಿಸಿಸ್

ಗದಗಿನಲ್ಲಿ ಸಣ್ಣದೊಂದು ಪ್ರಕಾಶನ ನಡೆಸುವ ಗೆಳೆಯರೊಬ್ಬರಿದ್ದಾರೆ. ನಾನು ಕಾಲೇಜಿನಿಂದ ನಿವೃತ್ತಳಾದ ಮರುತಿಂಗಳೇ ಅವರು ಬೆಟಗೇರಿಯ ನಮ್ಮ ಮನೆಗೆ ಬಂದು, ಚಹಾದ ಕಪ್ಪು ಕೆಳಗಿಡುವ ಮೊದಲೇ ಮಾತು ತೆಗೆದರು. ಗಣಿತದ ಬಗ್ಗೆ ಸಾಮಾನ್ಯ ಓದುಗರಿಗೆ ತಿಳಿಯುವಂಥ ಪುಸ್ತಕಗಳು ಸಾಲವು, ನೀವು ಇಷ್ಟು ವರ್ಷ ಕಲಿಸಿದ ಕಾಂಪ್ಲೆಕ್ಸ್ ಅನಾಲಿಸಿಸ್, ಆ ಸಂಕೀರ್ಣ ಸಂಖ್ಯೆಗಳ ಗಣಿತ ಇದೆಯಲ್ಲ, ಅದನ್ನೇ ಒಂದು ಸಣ್ಣ ಪುಸ್ತಕ ಮಾಡಿಕೊಡಿ ಎಂದರು. ನಾನು ಹೊಗಳಿಕೆಗೆ ಬೇಗ ಬೀಳುವವಳು. ಹೂಂ ಅಂದುಬಿಟ್ಟೆ.

ಬರೆಯಲು ಕುಳಿತ ಮೇಲೆ ಗೊತ್ತಾಯಿತು, ಕಲಿಸುವುದು ಬೇರೆ, ತಿಳಿಸುವುದು ಬೇರೆ. ಕಾಲೇಜಿನಲ್ಲಿ ಮಕ್ಕಳು ಪರೀಕ್ಷೆಯ ಹೆದರಿಕೆಗೆ ತಲೆ ಆಡಿಸುತ್ತಿದ್ದರು. ಪುಸ್ತಕ ಓದುವವರಿಗೆ ಅಂಥ ಹೆದರಿಕೆ ಏನೂ ಇಲ್ಲ, ಬೇಸರ ಬಂದರೆ ಮಗುಚಿ ಇಟ್ಟು ಎದ್ದು ಹೋಗುತ್ತಾರೆ. ಮೂರು ಅಧ್ಯಾಯ ಬರೆದು, ನಾಲ್ಕನೆಯದನ್ನು ಅರ್ಧ ಮಾಡಿ ಗೆಳೆಯರಿಗೆ ಫೋನು ಮಾಡಿದೆ. ಯಾರಿಗಾದರೂ ತೋರಿಸಬೇಕಲ್ಲ, ನಮ್ಮ ಕಾಲೇಜಿನ ಗಣಿತದವರಿಗೇ ಕೊಡಲೇ ಎಂದು ಕೇಳಿದೆ.

"ಕಾಲೇಜಿನವರಿಗೆ ತೋರಿಸಬ್ಯಾಡ್ರಿ ಮೇಡಮ್," ಎಂದರು ಅವರು. "ಹಿಂದಕ್ಕ ಪಿಯುಸಿ ಸೈನ್ಸ್ ಮಾಡಿ ಅಲ್ಲಿಗೇ ಓದು ಬಿಟ್ಟವರು ಯಾರರ ಇದ್ರ, ಅವರ ಮುಂದ ಓದ್ರಿ. ಅವರಿಗೆ ತಿಳೀತು ಅಂದ್ರ ಅಚ್ಚಿಗೆ ಕೊಡೂಣು."

ನನಗೆ ಗೊತ್ತಿದ್ದವರಲ್ಲಿ ಅಂಥವರು ಒಬ್ಬರೇ. ಶಿರಹಟ್ಟಿಯಲ್ಲಿರುವ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ. ಅವರ ಹೆಸರು ಮನಸ್ಸಿಗೆ ಬಂದ ಕೂಡಲೇ ಬೇಡವೆಂದು ಹಾಳೆಗಳನ್ನು ಮಡಚಿಟ್ಟೆ. ಅದರ ಕಾರಣ ಹೇಳಬೇಕೆಂದರೆ ನನ್ನದೇ ಒಂದು ಸಣ್ಣತನವನ್ನು ಹೇಳಬೇಕು.

ವೈನಿಯ ತವರು ಕೊರ್ಲಹಳ್ಳಿ, ತುಂಗಭದ್ರೆಯ ದಂಡೆಯ ಊರು. ದಿನಾ ಬಸ್ಸಿನಲ್ಲಿ ಮುಂಡರಗಿಗೆ ಹೋಗಿ ಪಿಯುಸಿ ಸೈನ್ಸ್ ಮುಗಿಸಿದವರು. ಗಣಿತದಲ್ಲಿ ಬಹಳ ಒಳ್ಳೆಯ ಅಂಕ ಇದ್ದವಂತೆ. ಮುಂದೆ ಓದಬೇಕೆಂಬ ಆಸೆ ಇತ್ತು. ಅಷ್ಟರಲ್ಲಿ ನಮ್ಮ ಅಣ್ಣನ ಜೊತೆ ಮದುವೆ ಗೊತ್ತಾಯಿತು, ನಮ್ಮ ಮನೆಗೆ ಬಂದರು. ನಾನು ಆಗ ಎಂಟನೆಯ ಇಯತ್ತೆ, ಗಣಿತದಲ್ಲಿ ಪಕ್ಕಾ ದಡ್ಡಿ. ಬೀಜಗಣಿತದ ಪುಸ್ತಕ ತೆರೆದರೆ ಸಾಕು, ಹೊಟ್ಟೆ ನೋವು ಬರುತ್ತಿತ್ತು. ಸುಳ್ಳು ನೋವಲ್ಲ, ಖರೆ ನೋವು.

ನನಗೆ ಗಣಿತ ಕಲಿಸಿದವರು ವೈನಿ. ಅವರು ಕಲಿಸುತ್ತಿದ್ದುದು ಅಡುಗೆಮನೆಯಲ್ಲಿ, ಒಲೆಯ ಮುಂದೆ. ಕೈಯಲ್ಲಿ ಕೆಲಸ ನಡೆದಿರುತ್ತಿತ್ತು. ಚೊಂಬಿನ ನೀರಿನಲ್ಲಿ ಬೆರಳು ಅದ್ದಿ, ಕಡಪಾ ಕಲ್ಲಿನ ನೆಲದ ಮೇಲೆ ಲೆಕ್ಕ ಬರೆಯುತ್ತಿದ್ದರು. ಬೇಸಿಗೆಯಲ್ಲಿ ಮೂರನೆಯ ಸಾಲು ಬರೆಯುವಷ್ಟರಲ್ಲಿ ಮೊದಲನೆಯ ಸಾಲು ಆರಿ ಮಾಯವಾಗಿರುತ್ತಿತ್ತು. "ಹೋತಲ್ರಿ ವೈನಿ!" ಎಂದು ನಾನು ಕೂಗಿದರೆ, "ನೆಲದ ಮ್ಯಾಲಿಂದು ಹೋತು, ತಲ್ಯಾಗಿಂದು ಎಲ್ಲಿ ಹೋಗತೈತಿ?" ಎನ್ನುತ್ತಿದ್ದರು. ಹಾಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದನ್ನು ಕಲಿತೆ. ಮುಂದೆ ನಾನು ಗಣಿತದಲ್ಲೇ ಡಿಗ್ರಿ ಮಾಡಿ, ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋದೆನೆಂದರೆ ಅದರ ಬುನಾದಿ ಆ ಅಡುಗೆಮನೆಯ ನೆಲ.

ಎಂ.ಎಸ್ಸಿ. ಮೊದಲ ವರ್ಷದ ರಜೆಯಲ್ಲಿ ಊರಿಗೆ ಬಂದಿದ್ದೆ. ಕಾಂಪ್ಲೆಕ್ಸ್ ಅನಾಲಿಸಿಸ್‌ನ ದಪ್ಪ ಪುಸ್ತಕ ಪಡಸಾಲೆಯ ಗೋಡೆಗೂಡಿನಲ್ಲಿ ಇಟ್ಟಿದ್ದೆ. ಒಂದು ಮಧ್ಯಾಹ್ನ ವೈನಿ ಅದನ್ನು ತೆಗೆದು ಹಾಳೆ ತಿರುವುತ್ತಾ ನಿಂತಿದ್ದರು. "ಇದರಾಗ ಏನೈತಿ? ನನಗೊಂಚೂರು ಹೇಳ," ಎಂದರು. ಧಾರವಾಡದ ನೀರು ಕುಡಿದು ಒಂದು ವರ್ಷವಾಗಿತ್ತು. ಅವರ ಮುಖ ಕೂಡ ನೋಡದೆ, "ವೈನಿ, ಅದು ನಿಮಗ ತಿಳಿಯೂದಲ್ಲ ಬಿಡ್ರಿ," ಎಂದೆ. ಅವರು ಪುಸ್ತಕ ಮುಚ್ಚಿ, ಸೆರಗಿನಿಂದ ರಟ್ಟು ಒರೆಸಿ, ಎಲ್ಲಿತ್ತೋ ಅಲ್ಲಿಯೇ ಇಟ್ಟು ಒಳಗೆ ಹೋದರು. ಮತ್ತೆ ಯಾವತ್ತೂ ನನ್ನ ಓದಿನ ವಿಷಯ ಕೇಳಲಿಲ್ಲ. ನನಗೆ ಕೆಲಸ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ. ಆದರೆ ಏನು ಕಲಿಸುತ್ತೀ ಎಂದು ಕೇಳಲಿಲ್ಲ.

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿದಿತ್ತು. ನನ್ನ ಮಕ್ಕಳ ಮದುವೆ ಆಯಿತು, ತಲೆ ಬೆಳ್ಳಗಾಯಿತು, ನೂರಾರು ಸಲ ಶಿರಹಟ್ಟಿಗೆ ಹೋಗಿ ಬಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಈಗ ಒಂದು ದಾರಿ ಕಂಡಿತು. ಬರೆದದ್ದನ್ನು ಚೀಲದಲ್ಲಿ ಹಾಕಿಕೊಂಡು, ಒಂದು ಗುರುವಾರ ಶಿರಹಟ್ಟಿಯ ಬಸ್ಸು ಹತ್ತಿದೆ. ಪುಸ್ತಕ ಅಚ್ಚಾಗುವುದು ಬಿಡುವುದು ಆಮೇಲಿನ ಮಾತು. ವೈನಿಗೆ ಇದು ತಿಳಿಯಬೇಕು, ತಿಳಿಯಿತು ಎಂದು ಅವರ ಬಾಯಿಂದಲೇ ಬರಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ವೈನಿ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹರಡಿಕೊಂಡು ಕೌದಿಗೆ ತುಂಡು ಕತ್ತರಿಸುತ್ತಿದ್ದರು. ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳಿಗೆ ಮಗುವಾಗಿತ್ತು, ಅದಕ್ಕೆ ಹೊದಿಸಲು. ಅಣ್ಣ ಕುರ್ಚಿಯಲ್ಲಿ ಪೇಪರು ಹಿಡಿದು ಕುಳಿತಿದ್ದ. ನಾನು ಬಂದ ಕಾರಣ ಹೇಳಿದೆ. ವೈನಿ ಕತ್ತರಿ ನಿಲ್ಲಿಸಲಿಲ್ಲ.

"ಅದು ನನಗ ತಿಳಿಯೂದಲ್ಲ ತಂಗಿ," ಎಂದರು.

ನನ್ನ ಮಾತು ನನಗೇ ತಿರುಗಿ ಬಂತು. ಅವರು ಕುಟುಕಲು ಅಂದದ್ದಲ್ಲ. ನೆಗಡಿಯಾಗಿದೆ ಅನ್ನುವ ಹಾಗೆ, ಗೊತ್ತಿರುವ ಸಂಗತಿಯೊಂದನ್ನು ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು.

"ನಾ ತಿಳಿಯಂಗ ಬರದೀನೋ ಇಲ್ಲೋ ನೋಡಬೇಕಾಗೈತ್ರಿ," ಎಂದೆ. "ಪರೀಕ್ಷಾ ನಂದು, ನಿಮ್ಮದಲ್ಲ."

"ನಿನ್ನ ಪರೀಕ್ಷಾ ಅಂದ್ರ ಕುಂಡ್ರತೀನಿ," ಎಂದು ವೈನಿ ಕತ್ತರಿ ಕೆಳಗಿಟ್ಟರು. "ಚಲೋ ಆತು, ಇಬ್ಬರಿಗೂ ಕೂಡೇ ಹುಚ್ಚು ಹಿಡೀತು," ಎಂದು ಅಣ್ಣ ಪೇಪರಿನ ಹಿಂದಿನಿಂದ ಹೇಳಿದ.

ಮೊದಲ ಅಧ್ಯಾಯ, ತನ್ನನ್ನೇ ತಾನು ಗುಣಿಸಿಕೊಂಡರೆ ಮೈನಸ್ ಒಂದು ಆಗುವ ಸಂಖ್ಯೆಯದು. ಶಾಲೆಯಲ್ಲಿ ಅಂಥ ಸಂಖ್ಯೆ ಇಲ್ಲವೇ ಇಲ್ಲ ಎಂದು ಹೇಳಿ, ಕಾಲೇಜಿನಲ್ಲಿ ಇದೆ, ಅದರ ಹೆಸರು ಐ, ಅದು ಕಾಲ್ಪನಿಕ ಎನ್ನುತ್ತಾರೆ. ನಾನು ಬರೆದದ್ದು ಹೀಗೆ: ಸಂಖ್ಯೆಗಳನ್ನು ಒಂದು ನೇರ ದಾರಿಯಲ್ಲಿ ನಿಲ್ಲಿಸಿ. ಸೊನ್ನೆಯ ಬಳಿ ನೀವು ನಿಂತಿದ್ದೀರಿ. ಐದು ಅಂದರೆ ಮುಂದಕ್ಕೆ ಐದು ಹೆಜ್ಜೆ. ಮೈನಸ್ ಒಂದರಿಂದ ಗುಣಿಸಿದರೆ ಅದು ಹಿಂದಕ್ಕೆ ಐದು ಹೆಜ್ಜೆ ಆಗುತ್ತದೆ. ಅಂದರೆ ಮೈನಸ್ ಒಂದು ಎನ್ನುವುದು, ಪೂರ್ತಿ ಹಿಂದಕ್ಕೆ ತಿರುಗು ಎಂಬ ಆಜ್ಞೆ. ಈಗ ಒಂದು ಪ್ರಶ್ನೆ. ಯಾವ ಕೆಲಸವನ್ನು ಎರಡು ಸಲ ಮಾಡಿದರೆ ಪೂರ್ತಿ ಹಿಂದಕ್ಕೆ ತಿರುಗಿದಂತೆ ಆಗುತ್ತದೆ?

ವೈನಿ ಮೊಣಕಾಲು ಹಿಡಿದುಕೊಂಡು ಎದ್ದರು. ತಲಬಾಗಿಲಿಗೆ ಮುಖ ಮಾಡಿ ನಿಂತರು. ಎಡಕ್ಕೆ ಹೊರಳಿದರು, ದೇವರ ಕೋಣೆ ಎದುರಾಯಿತು. ಮತ್ತೊಮ್ಮೆ ಎಡಕ್ಕೆ ಹೊರಳಿದರು, ಅಡುಗೆಮನೆ ಎದುರಾಯಿತು, ಬಾಗಿಲು ಬೆನ್ನಿಗೆ ಬಂತು.

"ಇಷ್ಟೇನ?"

"ಇಷ್ಟರಿ. ಆ ಒಂದು ಹೊರಳೂದಕ್ಕ ಐ ಅಂತಾರ."

ವೈನಿ ಹಾಗೇ ನಿಂತು ಯೋಚಿಸಿದರು. "ಹಂಗಾರ ಅದಕ್ಕ ಕಾಲ್ಪನಿಕ ಅಂತ ಯಾಕ ಅಂದ್ರು? ನಾ ಖರೇನ ಹೊರಳಿದ್ನಲ್ಲ."

ಇಷ್ಟು ವರ್ಷಗಳ ಪಾಠದಲ್ಲಿ ಯಾವ ಹುಡುಗನೂ ನನಗೆ ಹೀಗೆ ಕೇಳಿರಲಿಲ್ಲ. ನಾನು ಅವರ ಮಾತನ್ನು ಅಲ್ಲಿಯೇ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಆ ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕುಳಿತಿದ್ದೆ, ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಆದರೆ ಮುಂದಿನ ಗುರುವಾರ ಕೆಟ್ಟಿತು. ಎರಡನೆಯ ಅಧ್ಯಾಯದಲ್ಲಿ ಹೇಳಬೇಕಾಗಿದ್ದುದು ಈ ವಿಷಯದ ಜೀವಾಳ. ಮುಂದೆ, ಹಿಂದೆ, ಎಡ, ಬಲ ಎಲ್ಲ ಸೇರಿದ ಮೇಲೆ ಸಂಖ್ಯೆಗಳ ದಾರಿ ಹೋಗಿ ಸಂಖ್ಯೆಗಳ ಬಯಲಾಗುತ್ತದೆ. ಆ ಬಯಲನ್ನು ಹಿಗ್ಗಿಸಿ, ಹೊರಳಿಸಿ ಇನ್ನೊಂದು ಬಯಲು ಮಾಡುವ ನಿಯಮಗಳಿರುತ್ತವೆ. ಅವುಗಳಲ್ಲಿ ಕೆಲವು ಬಹಳ ಸಭ್ಯ. ಯಾವುದೇ ಚುಕ್ಕೆಯ ಹತ್ತಿರ ಹೋಗಿ ಸೂಕ್ಷ್ಮವಾಗಿ ನೋಡಿದರೂ, ಅವು ಮಾಡುವುದು ಎರಡೇ ಕೆಲಸ: ಸ್ವಲ್ಪ ಹೊರಳಿಸುವುದು, ಎಲ್ಲ ಕಡೆಗೂ ಸಮನಾಗಿ ಹಿಗ್ಗಿಸುವುದು ಇಲ್ಲವೇ ಕುಗ್ಗಿಸುವುದು. ಹಾಗಾಗಿ ತೀರಾ ಚಿಕ್ಕದೊಂದು ವೃತ್ತ ಬರೆದರೆ ಅದು ವೃತ್ತದಂತೆಯೇ ಉಳಿಯುತ್ತದೆ, ಮೊಟ್ಟೆಯಾಗುವುದಿಲ್ಲ. ಇದನ್ನು ನಾನು ರಬ್ಬರಿನ ಹಾಳೆ, ಬಾಣ, ಕೋನ ಎಂದು ಹನ್ನೆರಡು ಪುಟ ಬರೆದಿದ್ದೆ. ವೈನಿ ಏಳನೆಯ ಪುಟಕ್ಕೆ ಆಕಳಿಸಿದರು. ಮುಗಿದ ಮೇಲೆ, "ಇದು ತಿಳೀಲಿಲ್ಲ," ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಇದರಾಗ ತಿಳೀದಂಥಾದ್ದು ಏನೈತ್ರಿ ವೈನಿ!" ಎಂದುಬಿಟ್ಟೆ.

 ವೈನಿ ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದರು. ಅಣ್ಣ ಪೇಪರು ಇಳಿಸಿ ನನ್ನನ್ನು ನೋಡಿದ, ಮತ್ತೆ ಪೇಪರು ಏರಿಸಿದ. ಹಳೆಯ ತಪ್ಪನ್ನು ತೊಳೆಯಲು ಬಂದವಳು ಅದೇ ದನಿಯಲ್ಲಿ ಅದೇ ತಪ್ಪನ್ನು ಮತ್ತೆ ಮಾಡಿದ್ದೆ. ಚಹಾ ಬಂತು, ಕುಡಿದೆ, ರುಚಿ ಗೊತ್ತಾಗಲಿಲ್ಲ. ಆ ವಾರವೆಲ್ಲ ಬೆಟಗೇರಿಯ ಮನೆಯಲ್ಲಿ ನೆರೆಮನೆಯ ಮಗ್ಗದ ಸಪ್ಪಳ ಕೇಳುತ್ತಾ, ಇನ್ನು ವೈನಿ ಕೇಳಲು ಕೂರುವುದಿಲ್ಲ, ನಾನೇ ಕೆಡಿಸಿದೆ ಎಂದು ಹಳಹಳಿಸಿದೆ.

ಅವರನ್ನು ಒಲಿಸಿಕೊಳ್ಳಬೇಕೆಂದು ಮೂರನೆಯ ಅಧ್ಯಾಯವನ್ನು ಹೊಸದಾಗಿ ಬರೆದೆ. ಆ ಸಭ್ಯ ನಿಯಮಗಳ ಒಂದು ಸೋಜಿಗದ ಗುಣವನ್ನು ಹೇಳುವ ಅಧ್ಯಾಯ ಅದು. ಒಂದು ವೃತ್ತದ ಅಂಚಿನಲ್ಲಿ ನಿಯಮ ಹೇಗೆ ನಡೆದುಕೊಳ್ಳುತ್ತದೆ ಎಂದು ಗೊತ್ತಿದ್ದರೆ, ಒಳಗೆ ಹೋಗಿ ನೋಡುವುದೇ ಬೇಡ, ಒಳಗಿನ ಪ್ರತಿ ಚುಕ್ಕೆಯಲ್ಲಿ ಏನಿದೆ ಎಂದು ಹೊರಗಿನಿಂದಲೇ ಹೇಳಬಹುದು. ಸರಿಯಾಗಿ ನಟ್ಟನಡುವೆ ಇರುವುದಂತೂ ಸುತ್ತಲಿನ ಅಂಚಿನ ಸರಾಸರಿ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಇದಕ್ಕೆ ನಾನು ಕೌದಿಯ ಹೋಲಿಕೆ ಕೊಟ್ಟೆ. ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತಿ ಸುತ್ತಿ ಒಳಗೆ ಬರುತ್ತಾ ಹೊಲಿಯುತ್ತಾರೆ. ಕೊನೆಗೆ ನಡುವೆ ಒಂದು ಸಣ್ಣ ಚೌಕ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದು ಹಸಿದಿರಬಾರದೆಂದು ಹೋಳಿಗೆಯದೋ ರೊಟ್ಟಿಯದೋ ಚೂರು ಇಟ್ಟು ಹೊಲಿದು ಮುಚ್ಚುತ್ತಾರೆ. 'ಕೌದಿಯ ಅಂಚನ್ನು ಬಲ್ಲವರು ಅದರ ಹೊಟ್ಟೆಯನ್ನೂ ಬಲ್ಲರು' ಎಂದು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗುರುವಾರ ವೈನಿ ಎಂದಿನಂತೆ ಕುಳಿತರು. ಮುನಿಸು ಇದ್ದ ಹಾಗೆ ಕಾಣಲಿಲ್ಲ, ಅಥವಾ ತೋರಿಸಲಿಲ್ಲ. ಮಗುವಿನ ಕೌದಿ ಹೊಲಿದು ಮುಗಿದಿತ್ತು, ತೊಡೆಯ ಮೇಲೆ ಇಟ್ಟುಕೊಂಡು ದಾರದ ತುದಿಗಳನ್ನು ಕತ್ತರಿಸುತ್ತಿದ್ದರು. ನಾನು ಆ ವಾಕ್ಯಕ್ಕೆ ಬಂದಾಗ ಫಕ್ಕನೆ ನಕ್ಕರು.

"ಯಾರು ಹೇಳಿದ್ರು ನಿನಗ ಇದನ್ನ?" ಎನ್ನುತ್ತಾ ಕೌದಿಯನ್ನು ನನ್ನ ಮಡಿಲಿಗೆ ಹಾಕಿದರು. "ಇದರ ಹೊಟ್ಟ್ಯಾಗ ಹೋಳಿಗಿ ಇಟ್ಟೀನೋ, ರೊಟ್ಟಿ ಇಟ್ಟೀನೋ, ಅಂಚು ನೋಡಿ ಹೇಳು ನೋಡೂಣು."

ನಾನು ಅಂಚಿನ ಸುತ್ತ ಕೈಯಾಡಿಸಿದೆ. ಹಸಿರು ತುಂಡು, ಅದರ ಪಕ್ಕ ಕೆಂಪು, ಅದರ ಪಕ್ಕ ನಮ್ಮ ಅವ್ವನದೊಂದು ಹಳೆಯ ನೀಲಿ ಸೀರೆ. ಹೊಟ್ಟೆಯ ಸುಳಿವು ಎಲ್ಲೂ ಇರಲಿಲ್ಲ.

"ಕೌದ್ಯಾಗ ಕೆಂಪಿನ ಬಾಜೂಕ ಯಾವುದ ಬೇಕಾದ್ರೂ ಹಚ್ಚಬಹುದು. ಅದು ನನ್ನ ಮರ್ಜಿ," ಎಂದರು ವೈನಿ. "ಅಂಚಿಗೂ ನಡುವಿಗೂ ಏನ ಸಂಬಂಧ? ನೀ ಹೇಳೂದು ಖರೆ ಇದ್ರ, ಅದು ಕೌದಿ ಅಲ್ಲ."

"ಮತ್ತೇನ್ರಿ?"

ಅವರು ಎದ್ದು ಅಡುಗೆಮನೆಗೆ ನಡೆದರು. ಊಟದ ಹೊತ್ತಾಗುತ್ತಾ ಬಂದಿತ್ತು. ನಾನು ಹಾಳೆ ಹಿಡಿದುಕೊಂಡು ಹಿಂದೆಯೇ ಹೋದೆ. ಕುದಿಯುವ ನೀರು ಹಾಕಿ ಜೋಳದ ಹಿಟ್ಟು ನಾದಿಟ್ಟಿದ್ದರು. ಒಂದು ಉಂಡೆ ತೆಗೆದುಕೊಂಡು, ಒಣ ಹಿಟ್ಟು ಉದುರಿಸಿ ಬಡಿಯತೊಡಗಿದರು. ಅವರ ಅಂಗೈ ಕೆಳಗೆ ರೊಟ್ಟಿ ತಾನಾಗಿ ತಿರುಗುತ್ತಾ ಅಗಲವಾಗುತ್ತಿತ್ತು.

"ನೋಡ, ಒಂದ ಕಡೆ ಬಡದ್ರ ಉದ್ದಾಗತೈತಿ, ವಾರಿ, ಸೊಟ್ಟ ಆಗತೈತಿ. ತಿರುವುಕೊಂತ ಎಲ್ಲಾ ಕಡೆ ಸಮ ಬಡೀಬೇಕು. ಅಂದ್ರ ದುಂಡಗ ಇದ್ದದ್ದು ದುಂಡಗ ಉಳೀತೈತಿ."

"ವೈನಿ!" ಎಂದು ನಾನು ಕೂಗಿದೆ. "ಇದ ಆ ಎರಡನೇ ಅಧ್ಯಾಯ! ಸ್ವಲ್ಪ ಹೊರಳಿಸೂದು, ಸಮ ಹಿಗ್ಗಿಸೂದು. ಹನ್ನೆರಡು ಪುಟ ನಾ ಹೇಳಿದ್ದು ಇದನ್ನ."

"ಹಂಗಂತ ಅವತ್ತ ಹೇಳಬೇಕಿಲ್ಲೇನ? ರಬ್ಬರು ಗಿಬ್ಬರು ಅಂದಿ," ಎಂದರು ವೈನಿ, ಬಡಿಯುವುದು ನಿಲ್ಲಿಸದೆ. "ಈಗ ಅಂಚು ನೋಡ. ಸೀಳಿಲ್ಲ. ಅಂದ್ರ ನಡುವನೂ ಹಿಟ್ಟು ಚಲೋ ನಾದೈತಿ ಅಂತ ಗೊತ್ತಾತು. ಅಂಚು ಬಿರಿದ್ರ ನೀರು ಕುದ್ದಿಲ್ಲ, ಹಿಟ್ಟು ನಾದಿಲ್ಲ. ಒಳಗ ನೋಡೂದ ಬ್ಯಾಡ. ಕೌದಿಗೆ ನೂರೆಂಟು ಸೀರಿ. ರೊಟ್ಟಿಗೆ ಒಂದ ಹಿಟ್ಟು."

ನಿಜ ಹೇಳಬೇಕೆಂದರೆ ರೊಟ್ಟಿಯೂ ಪೂರ್ತಿ ಸರಿಯಾದ ಹೋಲಿಕೆಯಲ್ಲ. ಯಾವ ರೊಟ್ಟಿಯ ಅಂಚೂ ಅದರ ನಡುವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹೇಳಲಾರದು, ಗಣಿತದ ನಿಯಮವಾದರೆ ಹೇಳುತ್ತದೆ. ಆದರೆ ಎಲ್ಲೆಡೆಯೂ ಒಂದೇ ಹದ ಇರುವುದರಿಂದಲೇ ಅಂಚಿಗೆ ಒಳಗಿನ ಸುದ್ದಿ ಗೊತ್ತಿರುತ್ತದೆ ಎಂಬ ಮಾತು ಇದೆಯಲ್ಲ, ಅದು ಈ ಶಾಸ್ತ್ರದ ಹೃದಯ. ಅದನ್ನು ವೈನಿ ತಾವೇ ಹೇಳಿದರು, ನಾನು ಹೇಳಿಕೊಟ್ಟದ್ದಲ್ಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟೆ.

ಅವರು ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿದರು. ಮೇಲೆ ನೀರು ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ಹುಬ್ಬು ಗಂಟಿಕ್ಕಿ, "ಅಲ್ಲ, ಇದರ ನಡುವ ಒಂದು ತೂತು ಬಿದ್ರ?" ಎಂದರು.

"ಏನಂದ್ರಿ?"

"ಎಲ್ಲಾ ಕಡೆ ಒಂದ ಹಿಟ್ಟು ಐತಿ, ಖರೆ. ನಡುವ ಒಂದ ಕಡೆ ಅಷ್ಟ ತೂತು ಐತಿ. ಆಗ ಅಂಚು ಏನ ಹೇಳತೈತಿ?"

 ಅರ್ಧಕ್ಕೆ ನಿಲ್ಲಿಸಿದ್ದ ನಾಲ್ಕನೆಯ ಅಧ್ಯಾಯ ಇದೇ ಪ್ರಶ್ನೆಯಿಂದ ಶುರುವಾಗುತ್ತಿತ್ತು. ಅದನ್ನು ನಾನು ಅವರಿಗೆ ಓದಿ ಹೇಳಿರಲಿಲ್ಲ, ಅದು ನನ್ನ ಚೀಲದಲ್ಲಿಯೂ ಇರಲಿಲ್ಲ. ಮೂರು ಅಧ್ಯಾಯ ಸರಿಯಾಗಿ ತಿಳಿದವರಿಗೆ ಮಾತ್ರ ನಾಲ್ಕನೆಯದರ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ನಾನು ಪಡಸಾಲೆಯಿಂದ ಕೌದಿಯ ದಾರದ ಉಂಡೆ ತಂದು, ಒಂದಿಷ್ಟು ದಾರ ತೆಗೆದು, ತುದಿ ಗಂಟು ಹಾಕಿ, ನೆಲದ ಮೇಲೆ ದೊಡ್ಡ ಸುತ್ತು ಮಾಡಿ ಹಾಸಿದೆ. ಸುತ್ತಿನೊಳಗೆ ಏನೂ ಇಲ್ಲದಿದ್ದರೆ ಎಳೆಯುತ್ತಾ ಹೋದಂತೆ ಅದು ಕುಗ್ಗಿ ಕುಗ್ಗಿ ಇಲ್ಲವಾಗುತ್ತದೆ, ಸುತ್ತಿನ ಉದ್ದಕ್ಕೂ ನಿಯಮದ ಬೆಲೆಗಳನ್ನು ಕೂಡಿಸುತ್ತಾ ಬಂದರೆ ಲೆಕ್ಕ ಸೊನ್ನೆ. ಒಳಗೆ ಚೊಂಬು ಇಟ್ಟು ಎಳೆದರೆ ದಾರ ಚೊಂಬಿಗೆ ಸಿಕ್ಕಿಕೊಳ್ಳುತ್ತದೆ. ತೂತು ಇದ್ದರೂ ಹಾಗೆಯೇ, ಸುತ್ತಿ ಬಂದ ಮೇಲೆ ಕೈಯಲ್ಲಿ ಏನೋ ಒಂದು ಉಳಿಯಬಹುದು. ಸುತ್ತು ದೊಡ್ಡದಿರಲಿ, ಸಣ್ಣದಿರಲಿ, ಸೊಟ್ಟಗಿರಲಿ, ಉಳಿಯುವುದು ಅಷ್ಟೇ. ಅದು ಆ ತೂತಿನ ಗುರುತು.

ವೈನಿ ದಾರ ಹಿಡಿದು ತಾವೇ ಎರಡು ಸಲ ಎಳೆದು ನೋಡಿದರು. ಒಮ್ಮೆ ಚೊಂಬಿನ ಹೊರಗೆ, ಒಮ್ಮೆ ಚೊಂಬಿನ ಸುತ್ತ. ಅವರ ಮುಖ ಅರಳುತ್ತಾ ಬಂದದ್ದನ್ನು ನಾನು ನೋಡಿದೆ.

"ತಿಳೀತು," ಎಂದರು. ಮತ್ತೊಮ್ಮೆ, ತಮಗೇ ಹೇಳಿಕೊಳ್ಳುವಂತೆ, "ನನಗ ತಿಳೀತಲ್ಲ ಇದು," ಎಂದರು.

ನಾನು ಬಯಸಿದ್ದ ಮಾತು ಬಂದಿತ್ತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಆ ಮುಖವನ್ನು ನೋಡಿದ ಮೇಲೆ ಸುಮ್ಮನಿರುವುದು ಇನ್ನೊಂದು ಸುಳ್ಳಾಗುತ್ತದೆ ಅನ್ನಿಸಿತು.

"ವೈನಿ, ನಾ ಧಾರವಾಡದಾಗ ಇದ್ದಾಗ ಒಮ್ಮೆ, ಇದು ನಿಮಗ ತಿಳಿಯೂದಲ್ಲ ಅಂದಿದ್ದೆ. ನೆನಪೈತೇನ್ರಿ?"

"ಐತಿ," ಎಂದರು ವೈನಿ, ಕೇಳಿದ ಕೂಡಲೇ.

"ಅವತ್ತ ನನಗೂ ತಿಳಿದಿದ್ದಿಲ್ರಿ. ಒಂದಕ್ಷರ ತಿಳಿದಿದ್ದಿಲ್ಲ. ಬಾಯಿಪಾಠ ಮಾಡಿ ಪಾಸಾಗಿದ್ದೆ. ನೀವು ಇನ್ನೆರಡು ಪ್ರಶ್ನೆ ಕೇಳಿದ್ರ ನನ್ನ ಬಂಡವಾಳ ಬಯಲಾಗತಿತ್ತು. ಅದಕ್ಕ ಅಂಜಿ ಹಂಗ ಅಂದೆ."

ಹಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತೆಗೆದಿಟ್ಟು, ವೈನಿ ಒಲೆಯ ಉರಿ ಸಣ್ಣ ಮಾಡಿದರು. 

"ಆ ವರ್ಷ ನಿಮ್ಮಣ್ಣ ಒಂದು ಫಾರ್ಮ್ ತಂದಿದ್ರು," ಎಂದರು ಆಮೇಲೆ. "ಮನ್ಯಾಗ ಓದಿ ಡಿಗ್ರಿ ಪರೀಕ್ಷಾ ಕಟ್ಟೂದು. ಗಣಿತ ತಗೊಳ್ಳಾಕ ನನಗ ಆಗತೈತೋ ಇಲ್ಲೋ ನೋಡೂಣು ಅಂತ ನಿನ್ನ ಪುಸ್ತಕ ತಗದಿದ್ದೆ. ನೀ ಹಂಗ ಅಂದಿ. ಕಲ್ತಾಕಿ ಹೇಳ್ಯಾಳ ಅಂದ ಮ್ಯಾಲ ಖರೇನ ಇರಬೇಕು ಅಂತ, ಫಾರ್ಮ್ ತುಂಬಲಿಲ್ಲ."

ನನಗೆ ಅದು ಗೊತ್ತಿರಲಿಲ್ಲ. ಅಣ್ಣನೂ ಒಂದು ದಿನ ಹೇಳಿರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕುಳಿತೆ, ಅಳು ತಡೆಯಲಾಗಲಿಲ್ಲ. ಅರವತ್ತು ದಾಟಿದವಳು ಸಣ್ಣ ಹುಡುಗಿಯ ಹಾಗೆ ಬಿಕ್ಕಿದೆ. "ಬೈರಿ ವೈನಿ ನನಗ. ಒಂದ ಸಲ ಬಾಯಿ ತುಂಬ ಬೈರಿ," ಎಂದೆ.

ವೈನಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಎದುರು ಕುಳಿತರು. ಅವರ ಕಣ್ಣುಗಳೂ ತುಂಬಿದ್ದವು.

"ಬಯ್ಯೂದಲ್ಲ ತಂಗಿ," ಎಂದರು. "ನನಗೂ ತಿಳಿದಿಲ್ಲ ವೈನಿ ಅಂತ ಅವತ್ತ ಒಂದ ಮಾತು ಅಂದಿದ್ರ, ಇಬ್ಬರೂ ಕೂಡೇ ಕುಂತು ಓದತಿದ್ವಲ್ಲ."